ಎತ್ತುವುದು ಬೇರೆ, ಹೊರುವುದು ಬೇರೆ

ಒಕ್ಕಲುತನದ ಮನೆಗಳಲ್ಲಿ ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವುದನ್ನು ನಾವು ಬಾಲ್ಯದಲ್ಲಿ ಎಷ್ಟೋ ಸಲ ಕಂಡಿದ್ದೇವೆ. ಎತ್ತುಗಳ ಕೊಳ್ಳಹರಿದು, ಗಾಲಿಗೆ ಕಲ್ಲನ್ನು ಅಡ್ಡವಿಟ್ಟು, ಬಂಡಿಗೆ ಗಟ್ಟಿಮರದ ಆಸರೆ ಕೊಟ್ಟ ಬಳಿಕವೇ ಹಿರಿಯರು ಕೀಲಿಗೆ ಕೈ ಹಚ್ಚುತ್ತಿದ್ದರು. ಅಂದು ಬಂಡಿಯಿದ್ದ ಅಂಗಳದಲ್ಲಿ ಇಂದು ಕಾರು ನಿಂತಿದೆ. ಬಂಡಿಯೊಡನೆ ಆ ಎಚ್ಚರವೂ ಹೋಗಬಾರದೆಂಬುದೇ ಈ ಬರಹದ ಆಶಯ.

ಕಳೆದ ಮಳೆಗಾಲದಲ್ಲಿ ಬಸವಕಲ್ಯಾಣದ ಕಡೆಯ ಕೊಹಿನೂರಕ್ಕೆ ಪರಿಚಿತರೊಬ್ಬರ ಮನೆಗೆ ಹೋಗಿದ್ದೆವು. ಮನೆಯ ಮಗ, ಓದಿದ ತರುಣ, ಕಾರಿನ ಮುಂಭಾಗವನ್ನು ಜಾಕಿನಿಂದ ಎತ್ತಿ, ಪಕ್ಕದಲ್ಲಿ ಎರಡು ಜಂಬಿಟ್ಟಿಗೆ ಕಲ್ಲುಗಳನ್ನು ಪೇರಿಸಿ, ಕೆಳಗೆ ಅಂಗಾತ ಮಲಗಿ ಎಂಜಿನ್ ಎಣ್ಣೆಯನ್ನು ಬದಲಿಸುತ್ತಿದ್ದನು. ಹೊರಗೆ ಕಾಣುತ್ತಿದ್ದವು ಅವನ ಕಾಲುಗಳು ಮಾತ್ರ. ಅವನ ಪುಟ್ಟ ಕೂಸು ಆ ಕಾಲುಗಳ ಬಳಿಯಲ್ಲೇ ಆಡುತ್ತಿತ್ತು. ನಾವು ಗಾಬರಿಯಿಂದ ಕೂಗಿದೆವು. "ಐದು ಮಿನಿಟಿನ ಕೆಲ್ಸ ಅದರಿ ಕಾಕಾ, ಏನೂ ಆಗಂಗಿಲ್ರಿ" ಎಂಬ ಉತ್ತರ ಕೆಳಗಿನಿಂದಲೇ ಬಂದಿತು. ಒತ್ತಾಯಿಸಿ ಹೊರಗೆ ಕರೆದು ನೋಡಿದರೆ, ರಾತ್ರಿಯ ಮಳೆಗೆ ಮೆತ್ತಗಾಗಿದ್ದ ಎರೆಮಣ್ಣಿನಲ್ಲಿ ಜಾಕಿನ ತಳ ಎರಡು ಬೆರಳಷ್ಟು ಇಳಿದು ವಾಲಿತ್ತು. ತರುಣನ ಮುಖ ಬಿಳಚಿಕೊಂಡಿತು. ಅವನ ತಾಯಿ ಮಾತಿಲ್ಲದೆ ಕೂಸನ್ನು ಎತ್ತಿಕೊಂಡರು.

ಸಣ್ಣಪುಟ್ಟ ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳುವುದನ್ನು ನಾವು ಆಕ್ಷೇಪಿಸುವುದಿಲ್ಲ. ಕಾಯಕದ ನೆಲದಲ್ಲಿ ಅದಕ್ಕೆ ಗೌರವವೇ ಇದೆ. ನಾವು ಯಂತ್ರಜ್ಞರೂ ಅಲ್ಲ. ಬಲ್ಲವರಿಂದ ಕೇಳಿ ತಿಳಿದುದನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಮೊದಲು ತಿಳಿಯಬೇಕಾದ ತತ್ತ್ವವೊಂದೇ: ಜಾಕ್ ಎತ್ತುವ ಸಾಧನ, ಹೊರುವ ಸಾಧನವಲ್ಲ. ಎಣ್ಣೆಯ ಒತ್ತಡದ ಜಾಕಿನೊಳಗಿನ ಸೀಲು ಸೋರಿದರೆ ಅದು ಕುಸಿಯುತ್ತದೆ. ತಿರುಪಿನ ಜಾಕ್ ಕಾರು ಅಲುಗಿದರೆ ಮಗುಚುತ್ತದೆ. ಇಟ್ಟಿಗೆ, ಜಂಬಿಟ್ಟಿಗೆ, ಪೊಳ್ಳು ಸಿಮೆಂಟಿನ ಇಟ್ಟಿಗೆಗಳು ಒಂದೇ ಬಿಂದುವಿನ ಮೇಲೆ ಭಾರ ಬಿದ್ದಾಗ ಮುನ್ಸೂಚನೆಯಿಲ್ಲದೆ ಒಡೆಯುತ್ತವೆ. ಎಣ್ಣೆ ಬದಲಿಸುವುದು, ಸೈಲೆನ್ಸರ್ ನೋಡುವುದು ಮೊದಲಾದ ಕೆಲಸಗಳಿಗೆ ರ‍್ಯಾಂಪ್ ಉತ್ತಮ. ಇಳಿಜಾರಾಗಿ ಏರಿ ತುದಿಯಲ್ಲಿ ಸಮತಟ್ಟಾಗುವ ಈ ಜೋಡಿ ಪೀಠಗಳ ಮೇಲೆ ಕಾರು ತನ್ನ ಗಾಲಿಗಳ ಮೇಲೆಯೇ ನಿಲ್ಲುತ್ತದೆ.

ಕೊಳ್ಳುವಾಗ ನಾಲ್ಕು ಅಂಶಗಳನ್ನು ಗಮನಿಸಬೇಕು. ಮೊದಲನೆಯದು ಭಾರ. ಮಾರುತಿ 800ರಂಥ ಚಿಕ್ಕ ಕಾರಿನ ತೂಕ ಸುಮಾರು 650 ಕಿಲೋ. ಬೊಲೆರೊದಂಥ ವಾಹನದ್ದು ಒಂದೂವರೆ ಟನ್ನಿಗೂ ಮಿಗಿಲು. ನಿಮ್ಮ ವಾಹನದ ಬರಿತೂಕ ಅದರ ಆರ್.ಸಿ.ಯಲ್ಲಿ ದಾಖಲಾಗಿರುತ್ತದೆ. ರ‍್ಯಾಂಪಿನ ಮೇಲೆ ಬರೆದ ಮಿತಿ ಒಂದಕ್ಕೋ, ಜೋಡಿಗೋ, ಇಡೀ ವಾಹನಕ್ಕೋ ಎಂಬುದನ್ನು ಕೇಳಿಯೇ ಕೊಳ್ಳಬೇಕು. ಮಿತಿಯನ್ನೇ ಬರೆಯದ ಸರಕು ಬೇಡ. ಬೆಸುಗೆಯ ಗಟ್ಟಿತನ ಕಣ್ಣಿಗೆ ಕಾಣುವಂಥದ್ದಲ್ಲ. ಎರಡನೆಯದು ಅಗಲ. ಟೈರಿನ ಬದಿಯಲ್ಲಿ 145/80 ಎಂದಿದ್ದರೆ ಅದರ ಅಗಲ 145 ಮಿಲಿಮೀಟರ್ ಎಂದರ್ಥ. ಪೀಠ ಅದಕ್ಕಿಂತ ಸಾಕಷ್ಟು ಅಗಲವಿರಬೇಕು. ಮೂರನೆಯದು ಇಳಿಜಾರು. ಅದು ಕಡಿದಾಗಿದ್ದರೆ ಗಾಲಿ ಏರುವ ಮೊದಲೇ ಬಂಪರ್ ತಾಗುತ್ತದೆ. ತುದಿಯಲ್ಲಿ ಗಾಲಿ ಮುಂದೆ ಉರುಳದಂತೆ ತಡೆಯುವ ಏಣೂ ಇರಬೇಕು. ನಾಲ್ಕನೆಯದು ತಳ. ನುಣುಪಾದ ಶಹಾಬಾದ್ ಪರಸಿಯ ಮೇಲೆ ಪ್ಲಾಸ್ಟಿಕ್ ಪೀಠ ಹಿಂದಕ್ಕೋ ಮುಂದಕ್ಕೋ ಜಾರಬಹುದು. ತಳದಲ್ಲಿ ರಬ್ಬರಿನ ಹಿಡಿತ ಅವಶ್ಯ. ಬಿಸಿಲಿನಲ್ಲಿ ಬಿರಿದ ಪ್ಲಾಸ್ಟಿಕನ್ನೂ ತುಕ್ಕು ತಿಂದ ಕಬ್ಬಿಣವನ್ನೂ ಬಳಸಬಾರದು.

ಒಳ್ಳೆಯ ರ‍್ಯಾಂಪೂ ಕೆಟ್ಟ ನೆಲದ ಮೇಲೆ ನಿರರ್ಥಕ. ಎರೆನೆಲ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಪರಸಿಯ ಕೆಳಗೆ ಪೊಳ್ಳಿದ್ದರೆ ಅದು ಸೀಳುತ್ತದೆ. ಗಟ್ಟಿಯಾದ, ಸಮತಟ್ಟಾದ ಕಾಂಕ್ರೀಟ್ ನೆಲವೇ ಯೋಗ್ಯ. ಎರಡೂ ಪೀಠಗಳನ್ನು ಗಾಲಿಗಳಿಗೆ ನೇರವಾಗಿರಿಸಿ ನಿಧಾನವಾಗಿ ಹತ್ತಿಸಬೇಕು. ದಾರಿ ತೋರುವವರು ಕಾರಿನ ಎದುರಿಗೆ ನಿಲ್ಲದೆ ಬದಿಯಲ್ಲಿ ದೂರ ನಿಲ್ಲಬೇಕು. ಹತ್ತಿದ ಮೇಲೆ ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿ ನಿಲ್ಲಿಸಿ, ನೆಲದ ಮೇಲಿರುವ ಹಿಂಗಾಲಿಗಳಿಗೆ ಹಿಂದೆ ಮುಂದೆ ಅಡ್ಡಗಟ್ಟೆ ಕೊಡಬೇಕು. ಕೀಲಿಕೈ ಜೇಬಿನಲ್ಲಿರಲಿ, ಮಕ್ಕಳು ಮನೆಯೊಳಗಿರಲಿ. ಕಾರನ್ನು ಬದಿಯಿಂದ ಅಲುಗಿಸಿ, ಅದು ಕದಲದಿದ್ದರೆ ಮಾತ್ರ ಕೆಳಗೆ ಹೋಗಬೇಕು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಮಾಡಬಾರದು. ಅದರ ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್ ವಾಸನೆಯಿಲ್ಲದೆ ಪ್ರಾಣ ತೆಗೆಯುವ ಅನಿಲ. ಹೊಸ ಎಣ್ಣೆಯ ಮಟ್ಟವನ್ನು ಕಾರು ಸಮನೆಲಕ್ಕೆ ಇಳಿದ ಮೇಲೆಯೇ ನೋಡಬೇಕು.

ಗಾಲಿ ಬಿಚ್ಚುವ, ಬ್ರೇಕ್ ಸರಿಪಡಿಸುವ ಕೆಲಸಕ್ಕೆ ಮಾತ್ರ ರ‍್ಯಾಂಪ್ ಸಲ್ಲದು. ಅಲ್ಲಿ ಜಾಕಿನಿಂದ ಎತ್ತಿ, ಕಾರಿನ ಕೈಪಿಡಿ ತೋರಿಸುವ ಜಾಗದಲ್ಲಿ ಕಬ್ಬಿಣದ ಸ್ಟ್ಯಾಂಡುಗಳನ್ನು ಕೊಟ್ಟು, ಭಾರವನ್ನು ಅವುಗಳ ಮೇಲೆ ಇಳಿಸಬೇಕು. ಅವಿಲ್ಲದಿದ್ದರೆ ಬಸವಕಲ್ಯಾಣದ ಇಲ್ಲವೆ ಹುಮನಾಬಾದದ ದುರಸ್ತಿಯ ಅಂಗಡಿಗೆ ಒಯ್ಯುವುದೇ ವಿವೇಕ.

ವರ್ಷಕ್ಕೊಂದೆರಡು ಸಲದ ಕೆಲಸಕ್ಕೆ ಇಷ್ಟು ಖರ್ಚೇಕೆ ಎನ್ನುವವರುಂಟು. ಒಂದು ಓಣಿಯ ನಾಲ್ಕು ಮನೆಯವರು ಕೂಡಿ, ತಮ್ಮಲ್ಲಿನ ಅತಿ ಭಾರದ ವಾಹನಕ್ಕೆ ತಕ್ಕ ಜೋಡಿಯೊಂದನ್ನು ಕೊಂಡರೆ ಯಾರಿಗೂ ಹೊರೆಯಾಗದು. ಕೊಹಿನೂರದ ಆ ತರುಣನಿಗೂ ನಾವು ಇದನ್ನೇ ಹೇಳಿಬಂದೆವು. ಕಾರಿನ ಕೆಳಗೆ ಮಲಗುವ ಮುನ್ನ ಪ್ರತಿಯೊಬ್ಬರೂ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಈ ಭಾರವನ್ನು ಈಗ ಹೊತ್ತಿರುವುದು ಯಾವುದು? ಉತ್ತರ "ಜಾಕ್" ಎಂದಾದರೆ, ಐದು ನಿಮಿಷದ ಕೆಲಸವಾದರೂ ಕೆಳಗೆ ಹೋಗಬೇಡಿರಿ.