ಹಿತ್ತಿಲ ಮಣ್ಣಿನೊಳಗಿನ ಉಗ್ರಾಣ

ತರಕಾರಿಯ ತೋಟವೆಂದೊಡನೆ ನಮ್ಮ ಕಣ್ಣೆದುರು ಬರುವುದು ಬದನೆ, ಬೆಂಡೆ, ಬಸಳೆಗಳ ಪಾತಿ. ನೆಲದೊಳಗೆ ಬೆಳೆಯುವುದೆಂದರೆ ಮೂಲಂಗಿ, ಕ್ಯಾರಟ್‌ಗಳೊಡನೆ ಅನೇಕರ ಪರಿಚಯ ಮುಗಿಯುತ್ತದೆ. ಆದರೆ ಕರಾವಳಿ, ಮಲೆನಾಡುಗಳ ಹಳೆಯ ಹಿತ್ತಿಲುಗಳಲ್ಲಿ ಬೇಲಿಯ ಬದಿಯಲ್ಲಿಯೂ ಮರದ ಬುಡದಲ್ಲಿಯೂ ಸದ್ದಿಲ್ಲದೆ ಬೆಳೆಯುವ ಬೇರೊಂದು ಗುಂಪು ಉಂಟು. ಸುವರ್ಣಗೆಡ್ಡೆ, ಹೆಗ್ಗೆಣಸು, ಸಾಂಬ್ರಾಣಿ ಗೆಡ್ಡೆಗಳು ಆ ಗುಂಪಿನವು.

ಸಸ್ಯಗಳು ಗೆಡ್ಡೆ ಕಟ್ಟುವುದೇಕೆ? ನಮ್ಮ ನಾಡಿನಲ್ಲಿ ಮಳೆ ಕೆಲವು ತಿಂಗಳುಗಳದು, ಉಳಿದುದು ಒಣಗಾಲ. ಮಳೆಗಾಲದಲ್ಲಿ ಎಲೆಯು ಬಿಸಿಲಿನ ಬಲದಿಂದ ತಯಾರಿಸಿದ ಆಹಾರವನ್ನು ಸಸ್ಯವು ಪಿಷ್ಟದ ರೂಪದಲ್ಲಿ ನೆಲದಡಿಗೆ ಇಳಿಸಿ ಕೂಡಿಡುತ್ತದೆ. ಬಳಿಕ ಎಲೆಯನ್ನು ಕಳಚಿ ನಿದ್ರೆಹೋಗುತ್ತದೆ. ಮುಂದಿನ ಮಳೆಗೆ ಚಿಗುರಲು ಬೇಕಾದ ಬುತ್ತಿಯೇ ಗೆಡ್ಡೆ. ಸಸ್ಯದ ನಿದ್ರೆಗೂ ಎಚ್ಚರಕ್ಕೂ ನಡುವಣ ಅವಧಿಯೇ ನಮಗೆ ಕೊಯ್ಲಿನ ಕಾಲ. ಇದೊಂದನ್ನು ಅರಿತರೆ ಬೇಸಾಯದ ಮುಕ್ಕಾಲು ಪಾಲನ್ನು ಅರಿತಂತೆಯೇ ಸರಿ.

ಸುವರ್ಣಗೆಡ್ಡೆಯನ್ನು ನೋಡಿರಿ. ಕೊಡೆಯಂತೆ ಹರಡಿದ ಅದರ ಗಿಡ ನಿಜವಾಗಿ ಒಂದೇ ಒಂದು ಎಲೆ. ಕಾಂಡವೆಂದು ನಾವು ಭಾವಿಸುವುದು ಆ ಎಲೆಯ ತೊಟ್ಟು. ನಿಜವಾದ ಕಾಂಡವೆಂದರೆ ನೆಲದೊಳಗಿನ ಗೆಡ್ಡೆಯೇ. ಮೊಳಕೆಯ ಕಣ್ಣುಳ್ಳಂತೆ ಕತ್ತರಿಸಿದ, ಅರ್ಧ ಕಿಲೋದಿಂದ ಒಂದು ಕಿಲೋ ತೂಕದ ಹೋಳುಗಳನ್ನು ಸೆಗಣಿಯ ಬಗ್ಗಡದಲ್ಲಿ ಅದ್ದಿ ನೆರಳಿನಲ್ಲಿ ಆರಿಸಬೇಕು. ಸುಮಾರು 60 ಸೆಂಟಿಮೀಟರ್ ಅಗಲ, 45 ಸೆಂಟಿಮೀಟರ್ ಆಳದ ಗುಂಡಿಗೆ ಮೇಲ್ಮಣ್ಣನ್ನೂ ಗೊಬ್ಬರವನ್ನೂ ತುಂಬಿ, ಫೆಬ್ರವರಿ-ಮಾರ್ಚ್ ತಿಂಗಳಲ್ಲಿ ನೆಡಬೇಕು. ನೀರು ನಿಲ್ಲಬಾರದು. ಎಂಟೊಂಬತ್ತು ತಿಂಗಳಲ್ಲಿ ಎಲೆ ಹಳದಿಯಾಗಿ ಒರಗಿದಾಗ ಅಗೆಯಬಹುದು.

ಈ ಗೆಡ್ಡೆಯ ತುರಿಕೆಗೆ ಹೆದರುವವರು ಬಹಳ. ಅದಕ್ಕೆ ಕಾರಣ, ಬರಿಗಣ್ಣಿಗೆ ಕಾಣದ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು. ಪ್ರಾಣಿಗಳ ಬಾಯಿಂದ ತನ್ನ ಬುತ್ತಿಯನ್ನು ಕಾಯಲು ಸಸ್ಯಕ್ಕೆ ಒದಗಿದ ಆಯುಧವಿದು. ಹೆಚ್ಚುವ ಮುನ್ನ ಕೈಗೆ ಎಣ್ಣೆ ಸವರಿಕೊಳ್ಳುವುದೂ, ಹುಣಿಸೆಯ ಹುಳಿಯೊಡನೆ ಚೆನ್ನಾಗಿ ಬೇಯಿಸುವುದೂ ನಮ್ಮ ಅಡುಗೆಮನೆಗಳು ಕಂಡುಕೊಂಡ ಉಪಾಯಗಳು. ಮೂತ್ರಪಿಂಡದ ಕಲ್ಲಿನ ತೊಂದರೆಯುಳ್ಳವರು ಮಾತ್ರ ವೈದ್ಯರನ್ನು ಕೇಳಿ ತಿನ್ನುವುದು ಲೇಸು.

ಹೆಗ್ಗೆಣಸು ಬಳ್ಳಿ. ಕಾಲು ಕಿಲೋ ತೂಕದ ತುಂಡನ್ನು ಬೇಸಗೆಯ ಕೊನೆಯಲ್ಲಿ ಮರದ ಸಮೀಪ ನೆಟ್ಟು, ಬಳ್ಳಿಗೆ ಹಗ್ಗವನ್ನೋ ಕೋಲನ್ನೋ ಆಸರೆ ಕೊಟ್ಟರೆ ಅದು ತಾನೇ ಮೇಲೇರುತ್ತದೆ. ಎಂಟು ಹತ್ತು ತಿಂಗಳ ಮೇಲೆ ಬಳ್ಳಿ ಒಣಗಿದಾಗ ಅಗೆಯಬೇಕು. ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಹೆಗ್ಗೆಣಸಿನ ಬಳ್ಳಿಗೆ ಉದ್ದಕ್ಕೂ ನಾಲ್ಕು ರೆಕ್ಕೆಯಂಥ ಅಂಚುಗಳಿವೆ. ಎಲೆ ಹೃದಯದ ಆಕಾರದ ಒಂಟಿ ಎಲೆ. ಇದೇ ಕುಲದ ಒಂದು ಕಾಡುಗೆಣಸಿಗೆ ಮುಳ್ಳಿನ ಬಳ್ಳಿ, ಮೂರು ಬಿಡಿಯ ಎಲೆ. ಅದರಲ್ಲಿ ಡಯೋಸ್ಕೊರಿನ್ ಎಂಬ ವಿಷವಿದೆ. ಬಲ್ಲವರು ಅದನ್ನು ತೆಳುವಾಗಿ ಹೆಚ್ಚಿ ದಿನಗಟ್ಟಲೆ ನೀರಿನಲ್ಲಿ ನೆನೆಸಿಯೇ ತಿನ್ನುತ್ತಾರೆ. ಆದುದರಿಂದ ಗುರುತಿಲ್ಲದ ಗೆಣಸನ್ನು ಕಾಡಿನಿಂದ ತಂದು ಬೇಯಿಸುವ ಸಾಹಸ ಸಲ್ಲದು.

ಸಾಂಬ್ರಾಣಿ ಗೆಡ್ಡೆ ತುಳಸಿಯ ಕುಟುಂಬದ್ದು. ಆಫ್ರಿಕದಿಂದ ಬಂದು ನಮ್ಮದಾದುದು. ಗಾತ್ರ ಕಿರಿದಾದರೂ ಅದರ ಪರಿಮಳ ವಿಶಿಷ್ಟವಾದುದು. ಮೊಳೆಯಿಸಿದ ಗೆಡ್ಡೆಗಳಿಂದ ಬಂದ ಕುಡಿಗಳನ್ನು ಕತ್ತರಿಸಿ ಜುಲೈ-ಆಗಸ್ಟ್ ತಿಂಗಳಲ್ಲಿ ನೆಡುತ್ತಾರೆ. ಹಗಲು ಕಿರಿದಾಗುತ್ತ ಬಂದಂತೆ ಗೆಡ್ಡೆ ಕಟ್ಟುವುದು ಇದರ ಸ್ವಭಾವ. ಸುಮಾರು ಐದು ತಿಂಗಳಿಗೆ ಕೈಗೆ ಬರುತ್ತದೆ. ಹಿತ್ತಿಲಿಲ್ಲದ ಪಟ್ಟಣಿಗರು ಮಣ್ಣು ತುಂಬಿದ ಚೀಲದಲ್ಲಿಯೂ ಇದನ್ನು ಬೆಳೆಸಿ ನೋಡಬಹುದು.

ಇಷ್ಟೆಲ್ಲ ಶ್ರಮವೇಕೆ, ಪೇಟೆಯಲ್ಲಿ ಆಲೂಗೆಡ್ಡೆ ಸಿಗುವುದಲ್ಲ ಎಂದು ಕೇಳುವವರುಂಟು. ಈ ಸಸ್ಯಗಳನ್ನು ನಾವು ಬೀಜದಿಂದಲ್ಲ, ಗೆಡ್ಡೆಯ ತುಂಡಿನಿಂದಲೋ ಕುಡಿಯಿಂದಲೋ ಬೆಳೆಸುತ್ತೇವೆ. ರಾಗಿಯನ್ನೋ ಅವರೆಯನ್ನೋ ಇಟ್ಟಂತೆ ಗೆಡ್ಡೆಯನ್ನು ಹಲವು ವರ್ಷ ಡಬ್ಬಿಯಲ್ಲಿ ಕಾದಿಡಲಾಗದು. ಒಂದು ಮನೆಯವರು ಒಂದೇ ಮಳೆಗಾಲ ನೆಡದೆ ಬಿಟ್ಟರೆ ಆ ಹಿತ್ತಿಲಿನ ತಳಿ ಅಲ್ಲಿಗೆ ಮುಗಿಯಬಹುದು. ಅದರೊಡನೆ ಅದನ್ನು ಗುರುತಿಸುವ, ಬೇಯಿಸುವ ತಿಳಿವಳಿಕೆಯೂ ಮರೆಯಾಗುತ್ತದೆ. 1963ರಲ್ಲಿ ತಿರುವನಂತಪುರದಲ್ಲಿ ಸ್ಥಾಪಿತವಾದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ ತಳಿಗಳನ್ನು ಕಾಪಾಡುತ್ತಾರೆ, ನಿಜ. ಉತ್ತರ ಕನ್ನಡದ ಜೋಯಿಡಾದ ಕುಣಬಿ ಸಮುದಾಯದವರಂಥ ಬೇಸಾಯಗಾರರು ಅದೇ ಕೆಲಸವನ್ನು ತಮ್ಮ ಹೊಲ ಹಿತ್ತಿಲುಗಳಲ್ಲಿ ನಡೆಸಿಕೊಂಡು ಬಂದಿದ್ದಾರೆ.

ಆದುದರಿಂದ ವಾಚಕರು ಈ ಬಾರಿ ಊರಿಗೆ ಹೋದಾಗ ಮನೆಯ ಹಿರಿಯರನ್ನು ಕೇಳಿ ಒಂದು ಗೆಡ್ಡೆಯನ್ನು ತರಲಿ. ಅದರ ಹೆಸರನ್ನೂ ಅಡುಗೆಯ ಕ್ರಮವನ್ನೂ ಬರೆದುಕೊಳ್ಳಲಿ. ಅಗೆದ ದಿನ ಎಲ್ಲವನ್ನೂ ಸಾರಿಗೆ ಹಾಕದೆ ಒಂದು ಹೋಳನ್ನು ಮುಂದಿನ ಮಳೆಗೆಂದು ತೆಗೆದಿಡಲಿ.