ಮುಟ್ಟು ನಿಲ್ಲುವ ಮುನ್ನಿನ ವರ್ಷಗಳು: ದೇಹದ ಬದಲಾವಣೆ, ಆರೈಕೆ ಮತ್ತು ಎಚ್ಚರಿಕೆ

ನಲವತ್ತರ ಆಸುಪಾಸಿನಲ್ಲಿ ಅನೇಕ ಮಹಿಳೆಯರ ತಿಂಗಳ ಮುಟ್ಟು ಮೊದಲಿನಂತೆ ಇರುವುದಿಲ್ಲ. ಒಮ್ಮೆ ಇಪ್ಪತ್ತು ದಿನಕ್ಕೆ, ಒಮ್ಮೆ ಎರಡು ತಿಂಗಳಿಗೆ ಬರುತ್ತದೆ. ಕೆಲವೊಮ್ಮೆ ಅಲ್ಪವಾಗಿ ಆಗಿ ನಿಲ್ಲುತ್ತದೆ, ಕೆಲವೊಮ್ಮೆ ವಾರ ಕಳೆದರೂ ನಿಲ್ಲುವುದಿಲ್ಲ. ರಾತ್ರಿ ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುತ್ತದೆ, ನಿದ್ದೆ ಮುರಿಯುತ್ತದೆ, ಸಣ್ಣ ಮಾತಿಗೂ ಸಿಟ್ಟು ಅಥವಾ ಅಳು ಬರುತ್ತದೆ. ಹೊಲಗೆಲಸ, ಮನೆಗೆಲಸಗಳ ನಡುವೆ ಇವನ್ನು ಯಾರ ಮುಂದೆಯೂ ಹೇಳಿಕೊಳ್ಳದೆ ಸಹಿಸುವವರು ಅನೇಕರು. ಮತ್ತೆ ಕೆಲವರು ಭಯದಿಂದ ಅವಸರದ ಶಸ್ತ್ರಚಿಕಿತ್ಸೆಗೆ ಒಪ್ಪಿಬಿಡುತ್ತಾರೆ. ಈ ಎರಡು ದಾರಿಗಳಿಂದಲೂ ಆರೋಗ್ಯಕ್ಕೆ ಹಾನಿಯಾಗಬಹುದು. ಆದ್ದರಿಂದ ಈ ಕಾಲದಲ್ಲಿ ದೇಹದೊಳಗೆ ನಡೆಯುವುದೇನು, ಮನೆಯಲ್ಲಿ ಮಾಡಿಕೊಳ್ಳಬಹುದಾದ ಆರೈಕೆ ಯಾವುದು, ಯಾವಾಗ ವೈದ್ಯರನ್ನು ಕಾಣಲೇಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಋತುಬಂಧಪೂರ್ವ ಕಾಲ ಎಂದರೇನು?

ಹನ್ನೆರಡು ತಿಂಗಳು ಸತತವಾಗಿ ಮುಟ್ಟಾಗದೆ ಇದ್ದರೆ ಋತುಬಂಧವಾಯಿತೆಂದು ವೈದ್ಯಶಾಸ್ತ್ರ ಪರಿಗಣಿಸುತ್ತದೆ. ಭಾರತದಲ್ಲಿ ಇದು ಸರಾಸರಿ 46–47ನೆಯ ವಯಸ್ಸಿನಲ್ಲಿ ಆಗುತ್ತದೆ. ಅದಕ್ಕೆ ಮುನ್ನ ಮುಟ್ಟಿನ ಕ್ರಮ ತಪ್ಪತೊಡಗುವ ಅವಧಿಯೇ ಋತುಬಂಧಪೂರ್ವ ಕಾಲ. ಇದು ಸಾಮಾನ್ಯವಾಗಿ ನಾಲ್ಕು ವರ್ಷಗಳಷ್ಟು ಇರುತ್ತದೆ. ಕೆಲವರಲ್ಲಿ ಕೆಲವೇ ತಿಂಗಳು, ಕೆಲವರಲ್ಲಿ ಎಂಟು ವರ್ಷಗಳವರೆಗೂ ಮುಂದುವರಿಯಬಹುದು. ಇದು ಪ್ರಾಯಕ್ಕೆ ಬರುವುದರಂತೆಯೇ ಸಹಜವಾದ ಹಂತ. ಆದರೆ ನಲವತ್ತಕ್ಕೆ ಮುನ್ನವೇ ಮುಟ್ಟು ನಿಂತರೆ ವೈದ್ಯರಿಂದ ತಪಾಸಣೆ ಅವಶ್ಯಕ.

ದೇಹದೊಳಗೆ ನಡೆಯುವುದೇನು?

ಅಂಡಾಶಯಗಳು ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟರಾನ್ ಎಂಬ ಎರಡು ಮುಖ್ಯ ಹಾರ್ಮೋನುಗಳನ್ನು ಉತ್ಪಾದಿಸುತ್ತವೆ. ವಯಸ್ಸಾದಂತೆ ಕೆಲವು ತಿಂಗಳು ಅಂಡ ಬಿಡುಗಡೆಯಾಗುವುದಿಲ್ಲ. ಆ ತಿಂಗಳು ಪ್ರೊಜೆಸ್ಟರಾನ್ ಸಾಕಷ್ಟು ಉತ್ಪತ್ತಿಯಾಗುವುದಿಲ್ಲ. ಈಸ್ಟ್ರೋಜೆನ್ ಮಾತ್ರ ಒಮ್ಮೆ ಹೆಚ್ಚುತ್ತ ಒಮ್ಮೆ ತಗ್ಗುತ್ತ ಸಾಗುತ್ತದೆ. ಇದರಿಂದ ಗರ್ಭಕೋಶದ ಒಳಪದರ ದಪ್ಪವಾಗಿ ಬೆಳೆದು, ನಂತರ ಒಮ್ಮೆಲೇ ಹೆಚ್ಚಿನ ರಕ್ತಸ್ರಾವದೊಂದಿಗೆ ಕಳಚುತ್ತದೆ. ಈಸ್ಟ್ರೋಜೆನ್ ತಗ್ಗಿದಾಗ ಮೆದುಳಿನಲ್ಲಿ ದೇಹದ ಶಾಖವನ್ನು ನಿಯಂತ್ರಿಸುವ ಭಾಗ ಅತಿಸೂಕ್ಷ್ಮವಾಗಿ, ಅಲ್ಪ ಸೆಕೆಗೂ ಮೈ ಕಾದು ಬೆವರುತ್ತದೆ. ಮೂಳೆ ಸವೆಯದಂತೆ ತಡೆಯುವುದೂ ಇದೇ ಹಾರ್ಮೋನು. ಹೀಗಾಗಿ ಋತುಬಂಧದ ಹಿಂದುಮುಂದಿನ ವರ್ಷಗಳಲ್ಲಿ ಮೂಳೆಯ ಸಾಂದ್ರತೆ ವೇಗವಾಗಿ ಕುಗ್ಗುತ್ತದೆ.

ಆಹಾರ

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಈ ಸ್ಥಿತಿಯಲ್ಲಿ ಹೆಚ್ಚು ರಕ್ತಸ್ರಾವವೂ ಸೇರಿದರೆ ಸುಸ್ತು, ಏದುಸಿರು, ತಲೆಸುತ್ತು ಉಂಟಾಗುತ್ತವೆ. ನುಗ್ಗೆಸೊಪ್ಪು, ದಂಟಿನ ಸೊಪ್ಪು, ಹುರುಳಿ, ಹೆಸರುಕಾಳು, ಮೊಟ್ಟೆ, ಮಾಂಸ, ಮೀನುಗಳಲ್ಲಿ ಮನೆಯ ರೂಢಿಗೆ ಒಗ್ಗಿದವನ್ನು ಪ್ರತಿದಿನ ಬಳಸಬೇಕು. ಊಟದೊಡನೆ ನಿಂಬೆರಸ ಅಥವಾ ನೆಲ್ಲಿಕಾಯಿ ಇದ್ದರೆ ಕಬ್ಬಿಣಾಂಶ ಚೆನ್ನಾಗಿ ಮೈಗೂಡುತ್ತದೆ. ಚಹಾ, ಕಾಫಿ ಅದನ್ನು ತಡೆಯುವುದರಿಂದ ಊಟಕ್ಕೂ ಅವುಗಳಿಗೂ ಕನಿಷ್ಠ ಒಂದು ಗಂಟೆಯ ಅಂತರವಿರಲಿ.

ವಯಸ್ಕ ಮಹಿಳೆಗೆ ದಿನಕ್ಕೆ 1000 ಮಿಲಿಗ್ರಾಂ, ಋತುಬಂಧದ ನಂತರ 1200 ಮಿಲಿಗ್ರಾಂ ಸುಣ್ಣಾಂಶ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ಶಿಫಾರಸು ಮಾಡಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದೆ. ರಾಗಿ ಮುದ್ದೆಯೊಂದಿಗೆ ಸೊಪ್ಪಿನ ಸಾರು, ಒಂದು ಲೋಟ ಹಾಲು ಅಥವಾ ಮಜ್ಜಿಗೆ, ಒಂದು ಚಮಚ ಎಳ್ಳಿನ ಪುಡಿ ಸೇರಿದರೆ ಅಗತ್ಯದ ಬಹುಪಾಲು ದೊರೆಯುತ್ತದೆ. ಜೋಳದ ರೊಟ್ಟಿ ಮುಖ್ಯ ಆಹಾರವಾಗಿರುವ ಕಡೆ ಮೊಸರು, ಎಳ್ಳಿನ ಚಟ್ನಿ, ಹಸಿರು ಸೊಪ್ಪು ಈ ಕೊರತೆಯನ್ನು ತುಂಬುತ್ತವೆ. ಮನೆಯವರೆಲ್ಲ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ರೂಢಿ ಇರುವ ಮನೆಗಳಲ್ಲಿ ಹಾಲು, ಕಾಳು, ಸೊಪ್ಪು ಗೃಹಿಣಿಯ ಪಾಲಿಗೆ ಬರುವುದು ಅಪರೂಪ. ಮೊದಲು ಬದಲಾಗಬೇಕಾದದ್ದು ಈ ರೂಢಿ.

ದುಡಿಮೆ, ವ್ಯಾಯಾಮ, ನಿದ್ದೆ

ದಿನವಿಡೀ ದುಡಿಯುವವರಿಗೆ ವ್ಯಾಯಾಮವೇಕೆ ಎಂಬ ಪ್ರಶ್ನೆ ಸಹಜ. ಬಗ್ಗಿ ಕಳೆ ಕೀಳುವುದು ದೇಹವನ್ನು ದಣಿಸುತ್ತದೆ, ಆದರೆ ಎಲ್ಲ ಸ್ನಾಯುಗಳಿಗೂ ಮೂಳೆಗಳಿಗೂ ಸಮನಾದ ಬಲ ನೀಡುವುದಿಲ್ಲ. ಹೊಲಗೆಲಸ ಇಲ್ಲದವರು ವಾರಕ್ಕೆ ಐದು ದಿನ ಅರ್ಧ ಗಂಟೆ ಚುರುಕಾಗಿ ನಡೆಯಬೇಕು. ಕುರ್ಚಿಯಿಂದ ಕೈಯೂರದೆ ಹತ್ತು ಬಾರಿ ಎದ್ದು ಕೂರುವಂತಹ, ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮಗಳನ್ನು ಎಲ್ಲರೂ ವಾರಕ್ಕೆ ಎರಡು ದಿನ ಮಾಡುವುದು ಒಳಿತು. ಮೈಬಿಸಿಯಿಂದ ಬಳಲುವವರು ಸಡಿಲವಾದ ಹತ್ತಿ ಬಟ್ಟೆ ತೊಡುವುದು, ಸಂಜೆಯ ನಂತರ ಚಹಾ, ಕಾಫಿ, ಖಾರ ಕಡಿಮೆ ಮಾಡುವುದು, ಗಾಳಿಯಾಡುವ ಜಾಗದಲ್ಲಿ ಮಲಗುವುದು ಅನುಕೂಲಕರ. ತಂಬಾಕು, ಕಡ್ಡಿಪುಡಿ ಸೇವನೆಯನ್ನು ಬಿಡಬೇಕು.

ಗರ್ಭಕೋಶ ತೆಗೆಸುವ ಮುನ್ನ

ಈ ವಯಸ್ಸಿನ ರಕ್ತಸ್ರಾವಕ್ಕೆ ಗರ್ಭಕೋಶ ತೆಗೆಸುವುದೊಂದೇ ಪರಿಹಾರವೆಂಬ ಮಾತು ಹಳ್ಳಿಗಳಲ್ಲಿ ಕೇಳಿಬರುತ್ತದೆ. ಮಕ್ಕಳಾದ ಮೇಲೆ ಗರ್ಭಕೋಶದಿಂದ ಉಪಯೋಗವಿಲ್ಲ, ಇಟ್ಟುಕೊಂಡರೆ ಕ್ಯಾನ್ಸರ್ ಬರುತ್ತದೆ ಎಂದು ಹೆದರಿಸುವವರೂ ಇದ್ದಾರೆ. ವಾಸ್ತವವಾಗಿ, ಕ್ಯಾನ್ಸರ್ ಇಲ್ಲದ ಬಹುಪಾಲು ಪ್ರಕರಣಗಳಲ್ಲಿ ಮೊದಲು ಔಷಧ ಚಿಕಿತ್ಸೆಯನ್ನು ಪ್ರಯತ್ನಿಸಬಹುದು. ರಕ್ತಸ್ರಾವ ತಗ್ಗಿಸುವ ಮಾತ್ರೆಗಳು, ಹಾರ್ಮೋನು ಮಾತ್ರೆಗಳು, ಗರ್ಭಕೋಶದೊಳಗೆ ಇರಿಸುವ ಹಾರ್ಮೋನುಯುಕ್ತ ಸಾಧನ ಇವೆ. ಗರ್ಭಕೋಶದ ಸಾಮಾನ್ಯ ಗಡ್ಡೆಗಳು ಋತುಬಂಧದ ನಂತರ ಬಹುಮಟ್ಟಿಗೆ ತಾವೇ ಕುಗ್ಗುತ್ತವೆ. ಗರ್ಭಕೋಶದೊಡನೆ ಅಂಡಾಶಯಗಳನ್ನೂ ತೆಗೆದರೆ ಋತುಬಂಧ ಒಂದೇ ದಿನದಲ್ಲಿ ಎರಗುತ್ತದೆ; ಮೂಳೆ ಸವೆತ ಹಾಗೂ ಹೃದ್ರೋಗದ ಅಪಾಯ ಹೆಚ್ಚುತ್ತದೆ. ಅನಗತ್ಯ ಶಸ್ತ್ರಚಿಕಿತ್ಸೆಗಳನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯವು ಹೊರಡಿಸಿದ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಅಳವಡಿಸಿಕೊಳ್ಳಬೇಕೆಂದು ಸರ್ವೋಚ್ಚ ನ್ಯಾಯಾಲಯವು 2023ರ ಏಪ್ರಿಲ್‌ನಲ್ಲಿ ನಿರ್ದೇಶಿಸಿದೆ.

ಶಸ್ತ್ರಚಿಕಿತ್ಸೆಯ ಸಲಹೆ ಬಂದಾಗ ಕೇಳಬೇಕಾದ ಪ್ರಶ್ನೆಗಳು ನಾಲ್ಕು: ತೊಂದರೆಯ ಕಾರಣವೇನು? ಸ್ಕ್ಯಾನಿಂಗ್ ಹಾಗೂ ಅಗತ್ಯ ಪರೀಕ್ಷೆಗಳಾಗಿವೆಯೇ? ಮಾತ್ರೆಯಿಂದ ಗುಣವಾಗುವುದಿಲ್ಲವೇ? ಅಂಡಾಶಯಗಳನ್ನು ಉಳಿಸಬಹುದೇ? ತುರ್ತು ಸ್ಥಿತಿ ಇಲ್ಲದಿದ್ದರೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಸ್ತ್ರೀರೋಗ ತಜ್ಞರಿಂದ ಎರಡನೆಯ ಅಭಿಪ್ರಾಯ ಪಡೆಯುವುದು ಸೂಕ್ತ.

ತಡಮಾಡದೆ ವೈದ್ಯರನ್ನು ಕಾಣಬೇಕಾದ ಲಕ್ಷಣಗಳು

1. ಮುಟ್ಟು ನಿಂತು ಹನ್ನೆರಡು ತಿಂಗಳಾದ ಮೇಲೆ ಒಂದು ಹನಿ ರಕ್ತ ಕಂಡರೂ.
2. ಗಂಟೆಗೊಮ್ಮೆ ಪ್ಯಾಡ್ ಅಥವಾ ಬಟ್ಟೆ ಬದಲಿಸಬೇಕಾದಷ್ಟು, ಇಲ್ಲವೇ ಏಳು ದಿನ ಮೀರಿದ ರಕ್ತಸ್ರಾವ.
3. ಎರಡು ಮುಟ್ಟುಗಳ ನಡುವೆ ಅಥವಾ ದಂಪತಿಗಳು ಕೂಡಿದ ನಂತರ ರಕ್ತ ಕಾಣುವುದು.
4. ದುರ್ವಾಸನೆಯುಳ್ಳ ಬಿಳಿಸೆರಗು, ಸ್ತನದಲ್ಲಿ ಗಂಟು.
5. ವಾರಗಟ್ಟಲೆ ಬಿಡದ ಬೇಸರ, ಬದುಕು ಸಾಕೆನಿಸುವ ಭಾವನೆ.

ಮುಟ್ಟು ಏರುಪೇರಾದ ಮಾತ್ರಕ್ಕೆ ಗರ್ಭಧಾರಣೆಯ ಸಾಧ್ಯತೆ ಇಲ್ಲವೆಂದು ಭಾವಿಸಬಾರದು. ಸಂತಾನಹರಣ ಶಸ್ತ್ರಚಿಕಿತ್ಸೆ ಆಗದವರು ಮುಟ್ಟು ತಪ್ಪಿದಾಗ ಪರೀಕ್ಷಿಸಿಕೊಳ್ಳಬೇಕು. ಮೈಬಿಸಿ ತೀವ್ರವಾಗಿದ್ದರೆ ಹಾರ್ಮೋನು ಚಿಕಿತ್ಸೆ ಪರಿಣಾಮಕಾರಿ. ಆದರೆ ಸ್ತನ ಕ್ಯಾನ್ಸರ್, ಪಾರ್ಶ್ವವಾಯು ಅಥವಾ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸವಿರುವವರಿಗೆ ಅದು ಸಾಮಾನ್ಯವಾಗಿ ಸಲ್ಲದು. ವೈದ್ಯರ ಚೀಟಿಯಿಲ್ಲದೆ ಔಷಧ ಅಂಗಡಿಯಿಂದ ಹಾರ್ಮೋನು ಮಾತ್ರೆ ಕೊಳ್ಳಬಾರದು.

ಲಭ್ಯವಿರುವ ಸೇವೆಗಳು

ಮೂವತ್ತು ವರ್ಷ ತುಂಬಿದ ಎಲ್ಲರಿಗೂ ಆಯುಷ್ಮಾನ್ ಆರೋಗ್ಯ ಮಂದಿರ ಹಾಗೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ರಕ್ತದೊತ್ತಡ, ಮಧುಮೇಹ ಮತ್ತು ಬಾಯಿಯ ಕ್ಯಾನ್ಸರ್ ತಪಾಸಣೆಯ, ಮಹಿಳೆಯರಿಗೆ ಇದರೊಡನೆ ಸ್ತನ ಹಾಗೂ ಗರ್ಭಕಂಠದ ಕ್ಯಾನ್ಸರ್ ತಪಾಸಣೆಯ ವ್ಯವಸ್ಥೆ ಇದೆ. ಹಿಮೋಗ್ಲೋಬಿನ್ ಪರೀಕ್ಷೆ ಮತ್ತು ಕಬ್ಬಿಣಾಂಶದ ಮಾತ್ರೆಗಳಿಗಾಗಿ ಆಶಾ ಕಾರ್ಯಕರ್ತೆಯರನ್ನು ಸಂಪರ್ಕಿಸಬಹುದು. ಮಾನಸಿಕ ಬಳಲಿಕೆಗೆ ಟೆಲಿ ಮನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಉಚಿತ ಸಲಹೆ ದೊರೆಯುತ್ತದೆ.

ಕುಟುಂಬ ಮತ್ತು ಗ್ರಾಮದ ಹೊಣೆ

ಮನೆಯ ಹಿರಿಯಳ ಸಿಟ್ಟು, ಮರೆವು, ದಣಿವುಗಳನ್ನು ಸ್ವಭಾವದೋಷವೆಂದು ಭಾವಿಸದೆ, ಪತಿ ಮತ್ತು ಮಕ್ಕಳು ನೀರು ಹೊರುವುದು, ದನಕರುಗಳ ಆರೈಕೆಯಂತಹ ಕೆಲಸಗಳಲ್ಲಿ ಹೆಗಲು ಕೊಡಬೇಕು. ತಪಾಸಣೆಗೆ ಅವರೊಂದಿಗೆ ಹೋಗಬೇಕು. ಮಹಿಳಾ ಗ್ರಾಮಸಭೆಗಳಲ್ಲಿ ಮತ್ತು ಸ್ವಸಹಾಯ ಸಂಘಗಳ ವಾರದ ಸಭೆಗಳಲ್ಲಿ ಈ ವಿಷಯ ಮುಕ್ತವಾಗಿ ಚರ್ಚೆಯಾಗಬೇಕು. ಹೇಳಿಕೊಳ್ಳಲು ಸಂಕೋಚವಿಲ್ಲದ ಊರಿನಲ್ಲಿ ತೊಂದರೆ ಬೇಗ ತಿಳಿಯುತ್ತದೆ. ಬೇಗ ತಿಳಿದ ತೊಂದರೆಗೆ ಹಲವು ಬಾರಿ ಮಾತ್ರೆಯೇ ಸಾಕಾಗುತ್ತದೆ.