ನಮ್ಮ ಪಿಟೀಲಿನಲ್ಲಿ ಐರಿಷ್ ಮಟ್ಟು

ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿಯ ಸುತ್ತಮುತ್ತ ಸಂಗೀತ ಎಂದರೆ ಮೊದಲು ನೆನಪಾಗುವುದು ಹಾರ್ಮೋನಿಯಂ. ‘ಕುರುಕ್ಷೇತ್ರ’ ನಾಟಕ ಕಲಿಸುವುದಕ್ಕೆ ಬರುವ ಮೇಷ್ಟ್ರು, ಕೈಯಿಂದ ದುಡ್ಡು ಹಾಕಿ ದುರ್ಯೋಧನನ ಪಾರ್ಟು ಹಿಡಿಯುವ ಗೌಡರು, ಬೆಳಗಿನ ಜಾವದವರೆಗೂ ನಡೆಯುವ ಕಂದ ಪದ್ಯಗಳು. ಮಧುಗಿರಿ, ಶಿರಾ, ಪಾವಗಡದ ಕಡೆಗೂ ಇದೇ ಕಥೆ. ಪಿಟೀಲು ಇಲ್ಲಿ ಅಪರೂಪ. ಆದರೂ ತುಮಕೂರಿಗೋ ಬೆಂಗಳೂರಿಗೋ ಹೋಗಿ ಪಿಟೀಲು ಕಲಿಯುವ ಮಕ್ಕಳು ಈಗ ಹಳ್ಳಿಗಳಲ್ಲೂ ಸಿಗುತ್ತಾರೆ. ಮೊಬೈಲಿನಲ್ಲಿ ಐರ್ಲೆಂಡಿನ ಕುಣಿತದ ಮಟ್ಟು ಕೇಳಿದ ಮೇಲೆ ಅವರು ಕೇಳುವ ಪ್ರಶ್ನೆ ಒಂದೇ: ಇದು ನಮ್ಮ ಪಿಟೀಲಿನಲ್ಲಿ ಬರುತ್ತದೆಯೆ?

ಬರುತ್ತದೆ. ಇನ್ನೂರು ವರ್ಷದ ಹಿಂದೆಯೇ ಬಂದಿದೆ.

ಮುತ್ತುಸ್ವಾಮಿ ದೀಕ್ಷಿತರು ಮದ್ರಾಸಿನ ಹತ್ತಿರದ ಮಣಲಿಯಲ್ಲಿ ಇದ್ದ ಕಾಲದಲ್ಲಿ, ಕಂಪನಿ ಸರ್ಕಾರದ ಬ್ಯಾಂಡಿನವರು ನುಡಿಸುತ್ತಿದ್ದ ಮಟ್ಟುಗಳು ಅವರ ಕಿವಿಗೆ ಬಿದ್ದವು. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಯುರೋಪಿನ ವಾದಕರೊಬ್ಬರಿಂದ ಪಿಟೀಲು ಕಲಿತು, ಅದನ್ನು ಕರ್ನಾಟಕ ಸಂಗೀತಕ್ಕೆ ತಂದ ಮೊದಲಿಗರಲ್ಲಿ ಒಬ್ಬರಾದರು. ಆ ಪರದೇಶಿ ಮಟ್ಟುಗಳಿಗೆ ಮುತ್ತುಸ್ವಾಮಿ ದೀಕ್ಷಿತರು ಸಂಸ್ಕೃತ ಸಾಹಿತ್ಯ ಹೊಂದಿಸಿದ ಸುಮಾರು ನಲವತ್ತು ಸಣ್ಣ ರಚನೆಗಳೇ ನೋಟುಸ್ವರಗಳು. ‘ಸಂತತಂ ಪಾಹಿಮಾಂ’ ಇಂಗ್ಲೆಂಡಿನ ರಾಜಗೀತೆಯ ಮಟ್ಟು. ‘ಶ್ಯಾಮಲೇ ಮೀನಾಕ್ಷಿ’ಯ ಮಟ್ಟನ್ನು ನಮ್ಮ ಮಕ್ಕಳು ಶಿಶುವಿಹಾರದಲ್ಲಿ ‘ಟ್ವಿಂಕಲ್ ಟ್ವಿಂಕಲ್’ ಎಂದು ಹಾಡುತ್ತಾರೆ. ‘ಜಗದೀಶ ಗುರುಗುಹ’ ಸ್ಕಾಟ್ಲೆಂಡಿನ ಒಂದು ರೀಲ್. ಇನ್ನು ‘ವಂದೇ ಮೀನಾಕ್ಷಿ’ಯ ಮೂಲ ಐರ್ಲೆಂಡಿನ ‘ಲಿಮರಿಕ್’ ಎಂಬ ಮಟ್ಟು ಎಂದು ಸಂಶೋಧಕರು ಗುರುತಿಸಿದ್ದಾರೆ. ಐರಿಷ್ ಪಿಟೀಲಿನ ಕಡೆಗೆ ಹೊರಟವರು ಹೊಸಿಲು ದಾಟಲು ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಮೊದಲು ತಾಳ ನೋಡೋಣ, ಏಕೆಂದರೆ ಐರಿಷ್ ಮಟ್ಟು ಹುಟ್ಟಿದ್ದೇ ಕಾಲಿಗಾಗಿ. 18ನೇ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿ ಕುಣಿತ ಕಲಿಸುವ ಮೇಷ್ಟ್ರುಗಳು ಊರೂರು ತಿರುಗುತ್ತಿದ್ದರು. ಜೊತೆಗೆ ಒಬ್ಬ ಪಿಟೀಲಿನವನೋ ಪೈಪಿನವನೋ ಇರುತ್ತಿದ್ದ. ಬಹುತೇಕ ಮಟ್ಟುಗಳಿಗೆ ಎರಡು ಭಾಗ. ಪ್ರತಿ ಭಾಗಕ್ಕೆ ಎಂಟು ಅಳತೆ, ಪ್ರತಿ ಅಳತೆಗೆ ಎರಡು ಪೆಟ್ಟು. ಅಲ್ಲಿಗೆ ಹದಿನಾರು ಪೆಟ್ಟು, ನಮ್ಮ ಲೆಕ್ಕದಲ್ಲಿ ಆದಿ ತಾಳದ ಎರಡು ಆವರ್ತ. ಒಂದೊಂದು ಭಾಗವನ್ನೂ ಎರಡೆರಡು ಸಲ ನುಡಿಸಿದರೆ ಮಟ್ಟು ಒಂದು ಸುತ್ತು ಬಂದಂತೆ, ಅಂದರೆ ಎಂಟು ಆವರ್ತ. ಹೀಗೆ ಎರಡು ಮೂರು ಸುತ್ತು ಹೊಡೆದು, ನಿಲ್ಲಿಸದೆ ಇನ್ನೊಂದು ಮಟ್ಟಿಗೆ ಜಿಗಿಯುವುದು ಅವರ ರೂಢಿ.

ಈ ಕುಣಿತದ ಮಟ್ಟುಗಳಲ್ಲಿ ಜಿಗ್, ರೀಲ್ ಎಂಬ ಬಗೆಗಳಿವೆ. ಜಿಗ್‌ಗೂ ರೀಲ್‌ಗೂ ಇರುವ ವ್ಯತ್ಯಾಸ ನಡೆಯದ್ದು. ಪೆಟ್ಟಿಗೆ ಮೂರು ಸ್ವರ, ‘ತಕಿಟ’ ಎಂದು ಹೋದರೆ ಜಿಗ್. ಪೆಟ್ಟಿಗೆ ನಾಲ್ಕು, ‘ತಕಧಿಮಿ’ ಎಂದು ಹೋದರೆ ರೀಲ್. ಅಳತೆಗೆ ಎರಡರ ಬದಲು ಮೂರು ತಕಿಟ ಬಂದರೆ ಅದು ಸ್ಲಿಪ್ ಜಿಗ್. ತಿಶ್ರ ನಡೆಯ ರೂಪಕ ಹಾಕಿ ನೋಡಿ, ಸರಿಯಾಗಿ ಕೂರುತ್ತದೆ. ಆದರೆ ಒಂದು ಮಾತು. ಜಿಗ್‌ನ ತಕಿಟದಲ್ಲಿ ಮೂರು ಅಕ್ಷರ ಸಮವಲ್ಲ. ಮೊದಲನೆಯದು ಕೂದಲೆಳೆಯಷ್ಟು ಉದ್ದ, ನಡುವಿನದು ಅಷ್ಟೇ ಗಿಡ್ಡ. ಲೆಕ್ಕದ ಪ್ರಕಾರ ನುಡಿಸಿದರೆ ಮಟ್ಟು ಬರುತ್ತದೆ, ಕುಣಿತ ಬರುವುದಿಲ್ಲ. ನಮ್ಮ ಕೋಲಾಟದ ತಿಶ್ರ ಪದಗಳಿಗೆ ಹೆಜ್ಜೆ ಹಾಕಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಇನ್ನು ಶ್ರುತಿ. ನಮ್ಮಲ್ಲಿ ನಾಲ್ಕು ತಂತಿಯನ್ನು ಸ-ಪ-ಸ-ಪ ಎಂದು ಕೂಡಿಸುತ್ತೇವೆ. ಐರ್ಲೆಂಡಿನವರೂ ಪಾಶ್ಚಾತ್ಯ ಶಾಸ್ತ್ರೀಯದವರೂ ಜಿ-ಡಿ-ಎ-ಇ ಎಂದು, ಪ್ರತಿ ತಂತಿಯೂ ಹಿಂದಿನದಕ್ಕೆ ಪಂಚಮವಾಗುವಂತೆ ಕೂಡಿಸುತ್ತಾರೆ. ನಿಮ್ಮ ಷಡ್ಜ ಹಾರ್ಮೋನಿಯಂನ ಬಿಳಿ ಐದರಲ್ಲಿದ್ದರೆ ನಿಮ್ಮ ತಂತಿಗಳು ಜಿ-ಡಿ-ಜಿ-ಡಿ. ಅಲ್ಲಿಂದ ಅವರ ಶ್ರುತಿಗೆ ಹೋಗಲು ಕೆಳಗಿನ ಎರಡನ್ನು ಮುಟ್ಟಬೇಕಿಲ್ಲ, ಮೇಲಿನ ಎರಡನ್ನು ಒಂದೊಂದು ಪೂರ್ಣ ಸ್ವರ ಏರಿಸಿದರೆ ಸಾಕು. ಬಿರಡೆಯನ್ನು ಒಮ್ಮೆಲೇ ತಿರುಗಿಸಬೇಡಿ, ಮೇಲಿನ ತಂತಿ ಪಟ್ಟೆಂದು ಹೋಗುತ್ತದೆ. ಏರಿಸಿದ ಮೇಲೆ ಕುದುರೆ ಮುಂದಕ್ಕೆ ವಾಲಿದೆಯೇ ನೋಡಿಕೊಳ್ಳಿ. ನಿಮ್ಮ ಷಡ್ಜ ಇದಕ್ಕಿಂತ ಬಹಳ ಕೆಳಗಿದ್ದು ಅದಕ್ಕೆ ತಕ್ಕ ದಪ್ಪ ತಂತಿ ಹಾಕಿದ್ದರೆ ಏರಿಸುವ ಸಾಹಸ ಬೇಡ. ಬೇರೆ ಜೊತೆ ತಂತಿ ಕೊಳ್ಳುವುದೇ ಲೇಸು.

ಎಲ್ಲದಕ್ಕೂ ಶ್ರುತಿ ಬದಲಿಸಲೇಬೇಕೆಂದಿಲ್ಲ. ‘ಕೆಶ್ ಜಿಗ್’ ಎಂಬ ಹೆಸರಾಂತ ಮಟ್ಟು ಜಿ ಷಡ್ಜದ್ದು, ಶಂಕರಾಭರಣದ ಸ್ವರಗಳದ್ದು. ಬಿಳಿ ಐದರ ಸ-ಪ-ಸ-ಪದಲ್ಲಿ ಹಾಗೆಯೇ ಬರುತ್ತದೆ. ಹೊಸಬರು ಮೊದಲು ಇದನ್ನೇ ಹಿಡಿಯುವುದು ಒಳ್ಳೆಯದು.

ಸ್ವರಗಳ ವಿಷಯದಲ್ಲಿ ನಮ್ಮವರಿಗೆ ಹೆದರಿಕೆ ಬೇಡ. ಐರಿಷ್ ಮಟ್ಟುಗಳೆಲ್ಲ ಹೆಚ್ಚುಕಡಿಮೆ ನಾಲ್ಕು ಮೇಳಗಳ ಸ್ವರಗಳಲ್ಲಿ ಮುಗಿಯುತ್ತವೆ: ಶಂಕರಾಭರಣ, ಹರಿಕಾಂಭೋಜಿ, ಖರಹರಪ್ರಿಯ, ನಠಭೈರವಿ. ‘ಬ್ಯಾನಿಷ್ ಮಿಸ್‌ಫಾರ್ಚೂನ್’ ಹರಿಕಾಂಭೋಜಿಯ ಸ್ವರಗಳಲ್ಲಿದೆ, ‘ಸ್ವಾಲೋಟೇಲ್ ಜಿಗ್’ ಖರಹರಪ್ರಿಯದಲ್ಲಿ. ಹಾಗೆಂದು ಅವನ್ನು ರಾಗ ಎಂದು ಕರೆಯಲು ನಾನು ಒಪ್ಪುವುದಿಲ್ಲ. ಸ್ವರಗಳು ಅವೇ, ಸಂಚಾರ ಬೇರೆ, ಗಮಕ ಇಲ್ಲವೇ ಇಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ಹಳೆಯ ಐರಿಷ್ ವಾದಕರ ನಿಷಾದ ಕೆಲವೊಮ್ಮೆ ಹಾರ್ಮೋನಿಯಂನ ಎರಡು ಮನೆಗಳ ನಡುವೆ ಬೀಳುತ್ತದೆ. ಅದನ್ನು ಅಪಸ್ವರ ಎಂದು ತಿದ್ದಲು ಹೋಗಬೇಡಿ.

ನಿಜವಾದ ಕಷ್ಟ ಕೈಗಳದ್ದು. ಕರ್ನಾಟಕ ಸಂಗೀತದ ವಾದಕರು ನೆಲದ ಮೇಲೆ ಕೂತು, ಪಿಟೀಲಿನ ತಲೆಯನ್ನು ಬಲಪಾದದ ಮೇಲೆ ಊರುತ್ತಾರೆ. ವಾದ್ಯದ ಭಾರ ಎಡಗೈಗೆ ಇಲ್ಲದ್ದರಿಂದ ಅದು ತಂತಿಯ ಉದ್ದಕ್ಕೂ ಜಾರಬಹುದು. ತೋಡಿಯ ಗಾಂಧಾರ ತೂಗುವುದು ಅದರಿಂದಲೇ. ರಾಗದ ಜೀವವೆಲ್ಲ ಆ ಎಡಗೈಯಲ್ಲಿ. ಕಮಾನು ಉದ್ದಕ್ಕೆ ಹರಿಯುತ್ತ ಅದಕ್ಕೆ ಉಸಿರು ಕೊಡುತ್ತದೆ. ಐರಿಷ್ ಪಿಟೀಲಿನಲ್ಲಿ ಇದು ತಲೆಕೆಳಗು. ವಾದ್ಯ ಗಲ್ಲದ ಕೆಳಗೋ ಎದೆಯ ಮೇಲೋ ಇರುತ್ತದೆ, ಎಡಗೈ ಕತ್ತಿನ ಹತ್ತಿರದ ಮೊದಲ ಸ್ಥಾನ ಬಿಟ್ಟು ಕದಲುವುದೇ ಕಡಿಮೆ. ಒಂದು ಬೆರಳಿಗೆ ಒಂದು ಸ್ವರ, ಜಾರುವುದು ಅಲ್ಪಸ್ವಲ್ಪ. ಜೀವ ಇರುವುದು ಬಲಗೈಯಲ್ಲಿ.

ಆದ್ದರಿಂದ ನಮ್ಮ ವಿದ್ಯಾರ್ಥಿ ಮಾಡಬೇಕಾದ ಮೊದಲ ಕೆಲಸ ಎಡಗೈಯನ್ನು ಸುಮ್ಮನಿರಿಸುವುದು. ಇದು ಹೇಳಿದಷ್ಟು ಸುಲಭವಲ್ಲ. ವರ್ಣದವರೆಗೆ ಬಂದ ಹುಡುಗಿಗೆ ರಿಷಭವನ್ನು ನೇರ ಇಡು ಎಂದರೆ ಬೆರಳು ತಾನಾಗಿ ಅಲುಗುತ್ತದೆ. ನೋಟುಸ್ವರ ಕೈಗೆ ಬರುವುದು ಇಲ್ಲೇ. ಗಮಕವಿಲ್ಲದೆ ನುಡಿಸಬೇಕೆಂದೇ ಮಾಡಿದ ರಚನೆಗಳು ಅವು. ‘ವಂದೇ ಮೀನಾಕ್ಷಿ’ಯನ್ನು ಒಂದು ಸ್ವರಕ್ಕೆ ಒಂದು ಕಮಾನಿನಂತೆ, ಕಮಾನಿನ ನಡುವಿನ ಒಂದು ಗೇಣಿನಲ್ಲಷ್ಟೇ ನುಡಿಸಿ. ಹೊರಗೆ, ಒಳಗೆ, ಹೊರಗೆ. ಒಳಗೆ, ಹೊರಗೆ, ಒಳಗೆ. ಮೂರರ ನಡೆಯಲ್ಲಿ ಎರಡನೇ ಪೆಟ್ಟು ಒಳಗೆಳೆಯುವ ಕಮಾನಿಗೆ ಬೀಳುತ್ತದೆ. ಆ ಪೆಟ್ಟಿಗೂ ಮೊದಲನೆಯದರಷ್ಟೇ ಒತ್ತು ಕೊಡಲು ಕೈ ಕಲಿತರೆ ಅರ್ಧ ಜಿಗ್ ಬಂದಂತೆ.

ಆಮೇಲೆ ಎರಡು ಸ್ವರಗಳನ್ನು ಒಂದೇ ಕಮಾನಿನಲ್ಲಿ ಕೂಡಿಸಿ, ಆದರೆ ಪೆಟ್ಟಿನ ಒಳಗಲ್ಲ. ಒಂದು ತಕಿಟದ ಕೊನೆಯ ಸ್ವರ, ಮುಂದಿನ ತಕಿಟದ ಮೊದಲ ಸ್ವರ, ಈ ಎರಡನ್ನು ಕೂಡಿಸಬೇಕು. ಪೆಟ್ಟು ಕಮಾನಿನ ನಡುವೆ ಬಂದು ಮಟ್ಟು ನೆಲ ಬಿಟ್ಟು ಏಳುತ್ತದೆ. ರೀಲ್‌ಗೂ ಇದೇ ಗುಟ್ಟು.

ಅಲಂಕಾರಗಳಿಗೆ ನಮ್ಮ ಜಂಟಿ ವರಸೆಯೇ ದಾರಿ. ಎರಡನೇ ಸ್ವರವನ್ನು ಒತ್ತಿ ಹೇಳಲು ಕೆಳಗಿನ ಸ್ವರವನ್ನು ಚಕ್ಕನೆ ಮುಟ್ಟಿ ಬರುತ್ತೇವಲ್ಲ, ಆ ಸ್ಫುರಿತದ ಹತ್ತಿರದ ನೆಂಟ ಅವರ ‘ಕಟ್’. ಅದು ಮೇಲಿನ ಬೆರಳಿನಿಂದ ಬರುತ್ತದೆ, ಇನ್ನೂ ಹಗುರ. ಸ್ವರ ಕೇಳಿಸಬಾರದು, ತಟ್ಟಿದ್ದು ಮಾತ್ರ ಕೇಳಿಸಬೇಕು. ‘ರೋಲ್’ ಎಂದರೆ ಮೂಲ ಸ್ವರದಿಂದ ಮೇಲಕ್ಕೊಮ್ಮೆ, ಕೆಳಕ್ಕೊಮ್ಮೆ ತಟ್ಟಿ ಮರಳುವುದು. ಇವೆಲ್ಲ ಆಮೇಲೆ. ನಿಮಿಷಕ್ಕೆ ಅರವತ್ತು ಪೆಟ್ಟಿನಲ್ಲಿ ಮಟ್ಟು ನೆಟ್ಟಗೆ ನಿಲ್ಲುವವರೆಗೆ ಅಲಂಕಾರ ಬೇಡ. ಕುಣಿತದ ವೇಗ ಇದರ ಹೆಚ್ಚುಕಡಿಮೆ ಎರಡರಷ್ಟು, ಅದಕ್ಕೆ ಅವಸರವಿಲ್ಲ.

ಕಲಿಯುವುದು ಕಿವಿಯಿಂದಲೇ ಆಗಬೇಕು. ನಾಟಕದ ಮೇಷ್ಟ್ರು ಒಂದು ಸಾಲು ಹಾಡಿ, ಪಾತ್ರಧಾರಿ ಹಿಂದೆ ಹಾಡಿ, ಹೀಗೆ ಮಟ್ಟು ಕೂರಿಸುವ ನಮ್ಮ ಪದ್ಧತಿಯೇ ಅವರದ್ದೂ. ಬರೆದಿಟ್ಟವರೂ ಇದ್ದಾರೆ. ಷಿಕಾಗೋ ನಗರದ ಪೊಲೀಸ್ ಮುಖ್ಯಸ್ಥರಾಗಿದ್ದ ಫ್ರಾನ್ಸಿಸ್ ಓನೀಲ್ 1903ರಲ್ಲಿ 1850 ಮಟ್ಟುಗಳ ಸಂಗ್ರಹ ತಂದರು. ಪೊಲೀಸರ ಹೆಸರು ಹೀಗೂ ಉಳಿಯಬಹುದು! ಪಾಡ್ರಿಗ್ ಓಕೀಫ್ (1887–1963) ಎಂಬ ಶಾಲಾ ಮೇಷ್ಟ್ರು ಕೆಲಸ ಹೋದ ಮೇಲೆ ಕೆರಿ ಮತ್ತು ಕಾರ್ಕ್ ಜಿಲ್ಲೆಗಳ ಗಡಿಯಲ್ಲಿ ನಡೆದು ತಿರುಗಿ ಪಿಟೀಲು ಕಲಿಸಿದರು. ನಾಲ್ಕು ತಂತಿಗೆ ನಾಲ್ಕು ಮನೆ, ಬೆರಳಿಗೆ ಅಂಕಿ, ಇದು ಅವರ ಸ್ವಂತ ಲಿಪಿ. ಸ್ಟಾಫ್ ನೊಟೇಶನ್ ಓದಲು ಬಾರದವರು ಈ ಉಪಾಯ ಮಾಡಿಕೊಳ್ಳಬಹುದು.

ಕೇಳುವಾಗ ಒಬ್ಬರನ್ನೇ ಹಿಡಿದು ಕೂರಬೇಡಿ. ಸ್ಲೈಗೋ ಶೈಲಿಗೆ ಮೈಕೆಲ್ ಕೋಲ್ಮನ್ (1891–1945): ಹಾರುವ ಕಮಾನು, ತುಂಬ ರೋಲ್‌ಗಳು. ನ್ಯೂಯಾರ್ಕಿನಲ್ಲಿ ಧ್ವನಿಮುದ್ರಣವಾದ ಅವರ ತಟ್ಟೆಗಳು ಊರಿಗೆ ಮರಳಿ, ಐರ್ಲೆಂಡಿನವರೇ ಅವರನ್ನು ಅನುಕರಿಸತೊಡಗಿದರು. ಡೊನೆಗಾಲ್‌ನ ಜಾನ್ ಡೊಹರ್ಟಿಯವರದು ಗರಗಸದಂಥ ಚುರುಕು ಕಮಾನು. ಕ್ಲೇರ್ ಜಿಲ್ಲೆಯ ಮಾರ್ಟಿನ್ ಹೇಸ್ ನಿಧಾನದವರು, ವಿಳಂಬದ ರುಚಿ ಇರುವ ನಮ್ಮ ಕಿವಿಗೆ ಬೇಗ ಹತ್ತಿರವಾಗುತ್ತಾರೆ. ನನ್ನ ಸಲಹೆ ಅವರಿಂದ ಶುರು ಮಾಡಿ ಎಂದೇ.

ಪಾಶ್ಚಾತ್ಯ ಶಾಸ್ತ್ರೀಯ ಪಿಟೀಲು ಮೂರನೆಯ ದಾರಿ. ಅಲ್ಲಿ ಸ್ವರಕ್ಕೆ ಕಂಪನ ಕೊಡುತ್ತಾರೆ, ಬರೆದದ್ದನ್ನು ಬದಲಿಸುವುದಿಲ್ಲ, ಹಲವು ವಾದ್ಯಗಳ ಬೇರೆ ಬೇರೆ ಸ್ವರಗಳು ಒಟ್ಟಿಗೆ ಕೇಳುತ್ತವೆ. ಮೈಸೂರಿನ ಜಯಚಾಮರಾಜ ಒಡೆಯರ್ ಆ ಸಂಗೀತದಲ್ಲೂ ಪಳಗಿ, ರಷ್ಯಾದ ಮೆಟ್ನರ್ ಎಂಬ ಸಂಯೋಜಕರ ಧ್ವನಿಮುದ್ರಣಕ್ಕೆ ಹಣ ಕೊಟ್ಟು, ಇತ್ತ 94 ಕರ್ನಾಟಕ ಕೃತಿಗಳನ್ನೂ ರಚಿಸಿದರು. ವಾದ್ಯವನ್ನು ನಮ್ಮ ಅಗತ್ಯಕ್ಕೆ ಬಗ್ಗಿಸಿದವರೆಂದರೆ ತಿರುಮಕೂಡಲು ನರಸೀಪುರದ ಟಿ. ಚೌಡಯ್ಯ (1895–1967). ಮೈಕ್ ಇಲ್ಲದ ಸಭೆಯಲ್ಲಿ ಕೊನೆಯ ಸಾಲಿಗೂ ಕೇಳಲೆಂದು ಅವರು ನಾಲ್ಕು ತಂತಿಗೆ ಇನ್ನು ಮೂರು ಸೇರಿಸಿದರು. ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಂಗಣವನ್ನು ಪಿಟೀಲಿನ ಆಕಾರದಲ್ಲೇ ಕಟ್ಟಿದ್ದಾರೆ.

ಪಿಟೀಲು ಕಲಿಸುವ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಜಂಟಿ ವರಸೆ ಮುಗಿದ ಮಕ್ಕಳಿಗೆ, ಗೀತೆಗಳ ಜೊತೆಗೇ ‘ವಂದೇ ಮೀನಾಕ್ಷಿ’ಯನ್ನೂ ಪಾಠ ಮಾಡಿ, ಅದರ ಬಲಗೈ ತೋರಿಸಿಕೊಡಿ. ಜಿಗ್‌ಗಳನ್ನು ಅವರೇ ಹುಡುಕಿಕೊಂಡು ಕಲಿಯುತ್ತಾರೆ.